800 ನ್ಯಾನೋಮೀಟರ್ ಲೇಸರ್ ಆರ್ಗಾನ್‌ನಿಂದ ಎಲೆಕ್ಟ್ರಾನ್ ಕೀಳುವುದು ಹೇಗೆ? ಪೋಲರೈಸೇಶನ್ ತಿರುಗಿಸಿದರೆ ಚಿತ್ರವೇ ಯಾಕೆ ಬದಲಾಗುತ್ತದೆ?

ಕೇಳಿದವರು: ಆರ್ಗಾನ್_ಹುಡುಗ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಫಿಸಿಕ್ಸ್, ಎರಡನೇ ವರ್ಷ. ಪ್ರಾಜೆಕ್ಟ್‌ಗೆ ಅಂತ ಒಂದು ಫೆಮ್ಟೊಸೆಕೆಂಡ್ (10⁻¹⁵ ಸೆಕೆಂಡ್) ಲೇಸರ್ ಲ್ಯಾಬ್ ಸೇರಿ ತಿಂಗಳಾಯಿತು. ತಲೆ ಪೂರ್ತಿ ಕೆಟ್ಟಿದೆ.

ಪಿಯುಸಿಯಿಂದ ಓದಿಕೊಂಡು ಬಂದದ್ದು ಏನು? ಒಂದೊಂದು ಫೋಟಾನ್‌ಗೆ ಸಾಕಷ್ಟು ಶಕ್ತಿ ಇಲ್ಲದಿದ್ದರೆ ನೀವು ಎಷ್ಟೇ ಬೆಳಕು ಸುರಿದರೂ ಎಲೆಕ್ಟ್ರಾನ್ ಹೊರಗೆ ಬರುವುದಿಲ್ಲ. ಐನ್‌ಸ್ಟೈನ್ 1905ರಲ್ಲೇ ಹೇಳಿ ಮುಗಿಸಿದ್ದಾರೆ, ನಾನೂ ಅದನ್ನೇ ಬರೆದು ಫುಲ್ ಮಾರ್ಕ್ಸ್ ತೆಗೆದುಕೊಂಡಿದ್ದೇನೆ. ಈಗ ಇಲ್ಲಿ ನೋಡಿದರೆ 800 ನ್ಯಾನೋಮೀಟರ್ ಲೇಸರ್, ಫೋಟಾನ್‌ಗೆ ಬರೀ 1.55 ಇವಿ (ಎಲೆಕ್ಟ್ರಾನ್ ವೋಲ್ಟ್). ಆರ್ಗಾನ್‌ನಿಂದ ಮೊದಲ ಎಲೆಕ್ಟ್ರಾನ್ ಕೀಳಲು 15.76 ಇವಿ ಬೇಕು. ಆದರೂ ಡಿಟೆಕ್ಟರ್ ತುಂಬಾ ಎಲೆಕ್ಟ್ರಾನ್! ಅದರಲ್ಲಿ ಕೆಲವಕ್ಕೆ 100 ಇವಿ ಹತ್ತಿರ ಶಕ್ತಿ ಬೇರೆ. ಇದು ಎಲ್ಲಿಂದ ಬಂತು?

ಎರಡನೆಯದು ಇನ್ನೂ ವಿಚಿತ್ರ. ನಮ್ಮಲ್ಲಿ ರಿಯಾಕ್ಷನ್ ಮೈಕ್ರೋಸ್ಕೋಪ್ ಇದೆ, ಎಲೆಕ್ಟ್ರಾನ್ ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಹೋಯಿತು ಅಂತ ಮೂರೂ ದಿಕ್ಕಿನಲ್ಲಿ ಅಳೆಯುತ್ತದೆ. ಲೀನಿಯರ್ ಪೋಲರೈಸೇಶನ್‌ನಲ್ಲಿ (ಬೆಳಕಿನ ವಿದ್ಯುತ್ ಕ್ಷೇತ್ರ ಒಂದೇ ಗೆರೆಯಲ್ಲಿ ಅಲ್ಲಾಡುವಾಗ) ಚಿತ್ರ ತೊಂಡೆಕಾಯಿ ತರ ಉದ್ದಕ್ಕೆ ಇತ್ತು. ಸೀನಿಯರ್ ಒಬ್ಬರು ಕ್ವಾರ್ಟರ್ ವೇವ್ ಪ್ಲೇಟನ್ನು (ಲೀನಿಯರ್ ಬೆಳಕನ್ನು ಸರ್ಕ್ಯುಲರ್, ಅಂದರೆ ಕ್ಷೇತ್ರ ಸುತ್ತುವ ಬೆಳಕು ಮಾಡುವ ಹರಳು) 45 ಡಿಗ್ರಿ ತಿರುಗಿಸಿದರು ಅಷ್ಟೇ, ತೊಂಡೆಕಾಯಿ ಹೋಗಿ ಕೋಡುಬಳೆ ಬಂತು. ನಡುವೆ ತೂತು. 100 ಇವಿ ಎಲೆಕ್ಟ್ರಾನ್‌ಗಳು ಪತ್ತೆಯೇ ಇಲ್ಲ. ಲೇಸರ್ ಪವರ್ ಮುಟ್ಟೇ ಇಲ್ಲ. ಯಾಕೆ ಅಂತ ಕೇಳಿದರೆ "ರೀಸ್ಕ್ಯಾಟರಿಂಗ್ ಇಲ್ಲ ಅಲ್ವಾ ಅದಕ್ಕೆ" ಅಂದು ಟೀ ಕುಡಿಯಲು ಹೋದರು. ಯಾರಾದರೂ ಬಿಡಿಸಿ ಹೇಳಿ, ಸೂತ್ರ ಕಡಿಮೆ ಇದ್ದರೆ ಪುಣ್ಯ ಬರುತ್ತದೆ.

ಉತ್ತರ 1: ಕತ್ತಲಕೋಣೆ

ಐನ್‌ಸ್ಟೈನ್ ತಪ್ಪು ಹೇಳಿಲ್ಲ. ಅವರು ಹೇಳಿದ್ದು ಒಂದು ಎಲೆಕ್ಟ್ರಾನ್ ಒಂದು ಸಲಕ್ಕೆ ಒಂದೇ ಫೋಟಾನ್ ನುಂಗುವ ಲೆಕ್ಕ. ಸಾಮಾನ್ಯ ಬೆಳಕಿನಲ್ಲಿ ಅದೇ ಸರಿ, ಯಾಕೆಂದರೆ ಎರಡನೇ ಫೋಟಾನ್ ಅದೇ ಕ್ಷಣಕ್ಕೆ ಅದೇ ಪರಮಾಣುವಿನ ಮೇಲೆ ಬೀಳುವ ಸಂಭವವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಎರಡು ಫೋಟಾನ್ ಒಟ್ಟಿಗೆ ನುಂಗಬಹುದು ಅಂತ ಮರಿಯಾ ಗೋಪರ್ಟ್ ಮೇಯರ್ 1931ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಗ ಲೇಸರ್ ಇರಲೇ ಇಲ್ಲ, ಬಂದದ್ದು 1960ರಲ್ಲಿ. ಕಾಗದದ ಮೇಲಿನ ಲೆಕ್ಕ ಮೂವತ್ತು ವರ್ಷ ಸುಮ್ನೆ ಕಾಯುತ್ತಾ ಕೂತಿತ್ತು.

ಈಗ ನಿಮ್ಮ ಲೇಸರ್ ಎಷ್ಟು ಜೋರು ಅಂತ ನೋಡಿ. ಪಲ್ಸ್‌ನಲ್ಲಿ 1 ಮಿಲಿಜೂಲ್ ಶಕ್ತಿ ಅಂದುಕೊಳ್ಳಿ. ಅದು ಏನೂ ಅಲ್ಲ, ಒಂದು ಗ್ರಾಂ ತೂಕವನ್ನು 10 ಸೆಂಟಿಮೀಟರ್ ಮೇಲೆತ್ತಿದಷ್ಟು. ಆದರೆ ಅದನ್ನು 30 ಫೆಮ್ಟೊಸೆಕೆಂಡ್ ಒಳಗೆ ತುರುಕಿ, ಕೂದಲೆಳೆ ದಪ್ಪದ ಜಾಗಕ್ಕೆ ಫೋಕಸ್ ಮಾಡಿದರೆ ಚದರ ಸೆಂಟಿಮೀಟರಿಗೆ 10¹⁴ ವ್ಯಾಟ್ ಸುಲಭವಾಗಿ ದಾಟುತ್ತದೆ. ಮಧ್ಯಾಹ್ನದ ಬಿಸಿಲು 0.1 ವ್ಯಾಟ್. ಹತ್ತರ ಮುಂದೆ ಎಷ್ಟು ಸೊನ್ನೆ ವ್ಯತ್ಯಾಸ ಅಂತ ನೀವೇ ಎಣಿಸಿಕೊಳ್ಳಿ. (ಇಷ್ಟು ಜೋರಿನ ಪಲ್ಸ್ ಈಗ ಒಂದು ಮೇಜಿನ ಮೇಲೆ ಸಿಗುವುದಕ್ಕೆ ಕಾರಣ 1985ರಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಮುರು ಮಾಡಿದ ಉಪಾಯ. ಪಲ್ಸನ್ನು ಮೊದಲು ಹಿಗ್ಗಿಸು, ಆಮೇಲೆ ಬಲಪಡಿಸು, ಕೊನೆಗೆ ಕುಗ್ಗಿಸು. 2018ರಲ್ಲಿ ಇವರಿಬ್ಬರಿಗೆ ನೊಬೆಲ್ ಬಂದದ್ದು ಇದಕ್ಕೇ.)

ಇಷ್ಟು ದಟ್ಟ ಬೆಳಕಿನಲ್ಲಿ ಆರ್ಗಾನ್ 11 ಫೋಟಾನ್ ಒಟ್ಟಿಗೆ ನುಂಗಬಹುದು, 11ನ್ನು 1.55ರಿಂದ ಗುಣಿಸಿದರೆ 17 ಆಯಿತು, 15.76 ದಾಟಿತು. ಇದು ಒಂದು ರೀತಿಯ ಹೇಳಿಕೆ.

ಇನ್ನೊಂದು ರೀತಿ ಇದೆ, ನನಗೆ ಅದೇ ಇಷ್ಟ. ಫೋಟಾನ್ ಮರೆತುಬಿಡಿ, ವಿದ್ಯುತ್ ಕ್ಷೇತ್ರ ನೋಡಿ. 2×10¹⁴ ವ್ಯಾಟ್ ಅಂದರೆ ಸೆಂಟಿಮೀಟರಿಗೆ ಸುಮಾರು 39 ಕೋಟಿ ವೋಲ್ಟ್. ಒಣ ಗಾಳಿಯಲ್ಲಿ ಕಿಡಿ ಹಾರಲು 30 ಸಾವಿರ ಸಾಕು. ಹೈಡ್ರೋಜನ್‌ನಲ್ಲಿ ನ್ಯೂಕ್ಲಿಯಸ್ ತನ್ನ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವ ಕ್ಷೇತ್ರ 514 ಕೋಟಿ. ಅಂದರೆ ಲೇಸರ್ ಇನ್ನೂ ಚಿಕ್ಕದೇ, ಆದರೆ ಕಡೆಗಣಿಸುವಷ್ಟು ಚಿಕ್ಕದಲ್ಲ. ಎಲೆಕ್ಟ್ರಾನ್ ಕೂತಿರುವ ಗುಂಡಿಯ ಒಂದು ಬದಿಯನ್ನು ಈ ಕ್ಷೇತ್ರ ಬಗ್ಗಿಸುತ್ತದೆ, ಗೋಡೆ ತೆಳ್ಳಗಾಗುತ್ತದೆ. ತೆಳ್ಳಗಾದ ಗೋಡೆಯಿಂದ ಎಲೆಕ್ಟ್ರಾನ್ ಜಿನುಗುತ್ತದೆ, ಮಣ್ಣಿನ ಮಡಕೆಯಲ್ಲಿ ನೀರು ಜಿನುಗಿದ ಹಾಗೆ. ಹಾರಿ ಬರುವುದಲ್ಲ. ಇದೇ ಟನೆಲಿಂಗ್. ಆರ್ಗಾನ್‌ಗೆ 2.5×10¹⁴ ಹತ್ತಿರ ಹೋದರೆ ಜಿನುಗುವ ಮಾತೇ ಇಲ್ಲ, ಗೋಡೆಯೇ ತಗ್ಗಿಹೋಗಿ ಸೀದಾ ಹೊರಗೆ ಚೆಲ್ಲುತ್ತದೆ.

ಯಾವಾಗ ಯಾವ ಹೇಳಿಕೆ? 1964ರಲ್ಲಿ ಸೋವಿಯತ್ ಭೌತವಿಜ್ಞಾನಿ ಕೆಲ್ಡಿಶ್ ಒಂದು ಸಂಖ್ಯೆ ಕೊಟ್ಟರು, ಅದನ್ನು ಗಾಮಾ ಅನ್ನುತ್ತಾರೆ. ಒಂದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಫೋಟಾನ್ ಎಣಿಸುವ ಕಥೆ, ತುಂಬಾ ಕಡಿಮೆ ಇದ್ದರೆ ಟನೆಲಿಂಗ್ ಕಥೆ. ನಿಮ್ಮ ಲ್ಯಾಬ್‌ನಲ್ಲಿ 2×10¹⁴ ಅಂದುಕೊಂಡರೆ ಗಾಮಾ 0.8 ಬರುತ್ತದೆ. ನಡುಮಧ್ಯೆ ಸಿಕ್ಕಿಕೊಂಡಿದ್ದೀರಿ ಪಾಪ, ಹೆಚ್ಚಿನ ಲ್ಯಾಬ್‌ಗಳದ್ದೂ ಅದೇ ಪಾಡು.

ಉತ್ತರ 2: ಉಡುಪಿ_ಕಡೆಯವ

ಕತ್ತಲಕೋಣೆಯವರು ಎಲೆಕ್ಟ್ರಾನನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡರು ಮಾರಾಯ್ರೇ. ಕಥೆ ಶುರುವಾಗುವುದೇ ಆಮೇಲೆ.

ಹೊರಗೆ ಬಂದ ಎಲೆಕ್ಟ್ರಾನ್ ಆ ಕ್ಷಣಕ್ಕೆ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಲೇಸರ್ ಮಾತ್ರ ನಿಂತಿಲ್ಲ. ಕ್ಷೇತ್ರ ಅದನ್ನು ಆಚೆ ಎಳೆಯುತ್ತದೆ, ಅರ್ಧ ಆವರ್ತ ಕಳೆಯುವಾಗ ದಿಕ್ಕು ಬದಲಾಗಿ ಈಚೆ ಎಳೆಯುತ್ತದೆ. 800 ನ್ಯಾನೋಮೀಟರ್ ಬೆಳಕಿಗೆ ಪೂರ್ತಿ ಒಂದು ಆವರ್ತ ಅಂದರೆ 2.67 ಫೆಮ್ಟೊಸೆಕೆಂಡ್. ಹೀಗೆ ಆಚೆ ಈಚೆ ಅಲ್ಲಾಡುವ ಎಲೆಕ್ಟ್ರಾನ್‌ನ ಸರಾಸರಿ ಶಕ್ತಿಗೆ ಪಾಂಡೆರೊಮೋಟಿವ್ ಶಕ್ತಿ ಅಂತ ಹೆಸರು, ಲ್ಯಾಬ್‌ನಲ್ಲಿ ಎಲ್ಲರೂ "ಯುಪಿ" ಅನ್ನುವುದು ಇದಕ್ಕೇ. 10¹⁴ ವ್ಯಾಟ್‌ಗೆ 6 ಇವಿ, 2×10¹⁴ಕ್ಕೆ 12 ಇವಿ. ತರಂಗಾಂತರ ಇಮ್ಮಡಿಯಾದರೆ ಯುಪಿ ನಾಲ್ಕು ಪಟ್ಟು. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ, ಉಳಿದದ್ದೆಲ್ಲ ಇದರ ಲೆಕ್ಕದಲ್ಲೇ ಬರುತ್ತದೆ.

ಲೀನಿಯರ್ ಪೋಲರೈಸೇಶನ್ ಅಂದರೆ ಕ್ಷೇತ್ರ ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಹೋಗುವುದು. ಹಾಗಾಗಿ ಎಲೆಕ್ಟ್ರಾನ್ ಹೋದ ದಾರಿಯಲ್ಲೇ ವಾಪಸ್ ಬರಬಹುದು, ಬಂದರೆ ತಾನು ಬಿಟ್ಟುಹೋದ ಅಯಾನ್‌ಗೇ ಡಿಕ್ಕಿ. ಎಲ್ಲವೂ ಬರುವುದಿಲ್ಲ. ಕ್ಷೇತ್ರ ಶಿಖರಕ್ಕೆ ಏರುವ ಮುಂಚೆ ಹೊರಟದ್ದು ಎಂದಿಗೂ ವಾಪಸ್ ಬರುವುದಿಲ್ಲ, ಶಿಖರ ದಾಟಿದ ಮೇಲೆ ಹೊರಟದ್ದು ಬರುತ್ತದೆ. ಶಿಖರ ದಾಟಿ ಸುಮಾರು 18 ಡಿಗ್ರಿಯಲ್ಲಿ ಹೊರಟದ್ದು 1.7 ಫೆಮ್ಟೊಸೆಕೆಂಡ್ ಕಳೆದು ಎಲ್ಲಕ್ಕಿಂತ ಜೋರಾಗಿ ಬಂದು ಬಡಿಯುತ್ತದೆ. ಆಗ ಅದರ ಶಕ್ತಿ 3.17 ಯುಪಿ, ನಿಮ್ಮ ಲೆಕ್ಕದಲ್ಲಿ 38 ಇವಿ. 1993ರಲ್ಲಿ ಕೆನಡಾದ ಪಾಲ್ ಕಾರ್ಕಮ್ ಇದನ್ನು ಇಷ್ಟೇ ಸರಳವಾಗಿ ಹೇಳಿದರು, ಅದೇ ಹೊತ್ತಿಗೆ ಅಮೆರಿಕದ ಲಿವರ್‌ಮೋರ್‌ನಲ್ಲಿ ಕುಲಾಂಡರ್ ಗುಂಪೂ ಹೇಳಿತು. ಕ್ವಾಂಟಮ್ ಅಂತ ಹೆದರಿಸುವ ವಿಷಯವನ್ನು ಹೆಚ್ಚಿನಂಶ ನ್ಯೂಟನ್ ಲೆಕ್ಕದಲ್ಲೇ ಮುಗಿಸಿದ್ದಾರೆ.

ಡಿಕ್ಕಿ ಆದಾಗ ಮೂರರಲ್ಲಿ ಒಂದು ಆಗುತ್ತದೆ. ಒಂದೋ ಎಲೆಕ್ಟ್ರಾನ್ ವಾಪಸ್ ಮನೆ ಸೇರಿಕೊಂಡು ಇದ್ದಬದ್ದ ಶಕ್ತಿಯನ್ನೆಲ್ಲ ಒಂದೇ ಫೋಟಾನ್ ಮಾಡಿ ಉಗುಳುತ್ತದೆ, ಅದೇ ಹೈ ಹಾರ್ಮೋನಿಕ್ಸ್, ಅಂದರೆ ಲೇಸರ್ ಆವೃತ್ತಿಯ ಹಲವು ಪಟ್ಟು ಆವೃತ್ತಿಯ ಬೆಳಕು. 1988ರ ಸುಮಾರಿಗೆ ಫ್ರಾನ್ಸಿನ ಸ್ಯಾಕ್ಲೆಯಲ್ಲಿ ಆನ್ ಲುಯಿಲಿಯೆ ಅವರ ಗುಂಪು 1064 ನ್ಯಾನೋಮೀಟರ್ ಬೆಳಕು ಹಾಕಿ ಆರ್ಗಾನ್‌ನಲ್ಲಿ 33ನೇ ಹಾರ್ಮೋನಿಕ್‌ವರೆಗೆ ನೋಡಿತ್ತು. ಎರಡು, ಬಡಿದು ಚೆದುರಿ ಬೇರೆ ದಿಕ್ಕಿಗೆ ಹೋಗುತ್ತದೆ, ನಿಮ್ಮ ಸೀನಿಯರ್ ಹೇಳಿದ ರೀಸ್ಕ್ಯಾಟರಿಂಗ್ ಇದೇ. ನಿಮ್ಮ 100 ಇವಿ ಗಿರಾಕಿಗಳು ಇವೇ. ಮೂರು, ಬಂದ ಜೋರಿಗೆ ಇನ್ನೊಂದು ಎಲೆಕ್ಟ್ರಾನನ್ನೂ ಹೊರಗೆ ದಬ್ಬುತ್ತದೆ. ಆರ್ಗಾನ್ ಅಯಾನ್‌ನಿಂದ ಎರಡನೆಯದನ್ನು ಕೀಳಲು 27.6 ಇವಿ ಬೇಕು, ಬಂದದ್ದಕ್ಕೆ 38 ಇದೆ, ಧಾರಾಳ. 1994ರಲ್ಲಿ ಹೀಲಿಯಂನಲ್ಲಿ ಎರಡೆರಡು ಎಲೆಕ್ಟ್ರಾನ್ ಕಳೆದುಕೊಂಡ ಅಯಾನ್‌ಗಳನ್ನು ಎಣಿಸಿದಾಗ, ಒಂದಾದ ಮೇಲೆ ಒಂದು ಬೇರೆಬೇರೆಯಾಗಿ ಹೋಗುತ್ತವೆ ಅನ್ನುವ ಲೆಕ್ಕಕ್ಕಿಂತ ಲಕ್ಷಗಟ್ಟಲೆ ಪಟ್ಟು ಜಾಸ್ತಿ ಸಿಕ್ಕಿತ್ತು. ಗ್ರಾಫ್‌ನಲ್ಲಿ ಅದು ಮಡಚಿದ ಮೊಣಕಾಲಿನಂತೆ ಕಾಣುತ್ತದೆ, ಹೆಸರೂ ಮೊಣಕಾಲೇ.

ಈಗ ಕೋಡುಬಳೆ. ಸರ್ಕ್ಯುಲರ್ ಪೋಲರೈಸೇಶನ್‌ನಲ್ಲಿ ಕ್ಷೇತ್ರ ಒಮ್ಮೆಯೂ ಸೊನ್ನೆ ಆಗುವುದಿಲ್ಲ, ಅಷ್ಟೇ ಬಲದಲ್ಲಿ ಗಿರಗಿರ ಸುತ್ತುತ್ತಾ ಇರುತ್ತದೆ. ಎಲೆಕ್ಟ್ರಾನ್ ಹೊರಗೆ ಬಂದದ್ದು ಒಂದು ದಿಕ್ಕಿಗೆ, ಅಷ್ಟರಲ್ಲಿ ಎಳೆತ ಪಕ್ಕಕ್ಕೆ ತಿರುಗಿರುತ್ತದೆ. ಒಂದು ಸುತ್ತು ಮುಗಿಯುವಾಗ ಅದು ಮನೆಯಿಂದ 5 ನ್ಯಾನೋಮೀಟರ್ ದೂರ. ಅಯಾನ್ ಎಲ್ಲಿ, ಇದು ಎಲ್ಲಿ! ಡಿಕ್ಕಿ ಇಲ್ಲ ಅಂದಮೇಲೆ ಚೆದುರುವುದೂ ಇಲ್ಲ, ಹಾರ್ಮೋನಿಕ್ಸೂ ಇಲ್ಲ. ಮತ್ತೆ ಯಾವ ಕ್ಷಣದಲ್ಲಿ ಹೊರಟರೂ ಕ್ಷೇತ್ರದ ಬಲ ಅಷ್ಟೇ ಆದ್ದರಿಂದ ಎಲ್ಲಕ್ಕೂ ಕೊನೆಗೆ ಉಳಿಯುವ ವೇಗ ಹೆಚ್ಚುಕಡಿಮೆ ಒಂದೇ, ಸುಮಾರು ಒಂದು ಯುಪಿ ಶಕ್ತಿ. ದಿಕ್ಕು ಮಾತ್ರ ಬೇರೆಬೇರೆ. ವೇಗ ಒಂದೇ, ದಿಕ್ಕು ಎಲ್ಲಾ ಕಡೆ. ನಡುವೆ ತೂತಿರುವ ಬಳೆ ಅಲ್ಲದೆ ಮತ್ತೇನು ಬರಬೇಕು?

ಆರ್ಗಾನ್_ಹುಡುಗ

ಉಡುಪಿ ಅಣ್ಣ, ಬಳೆ ಅರ್ಥ ಆಯಿತು, ತುಂಬಾ ಥ್ಯಾಂಕ್ಸ್. ಆದರೆ ಒಂದು ಕಡೆ ಸಿಕ್ಕಿಕೊಂಡೆ. ವಾಪಸ್ ಬಂದದ್ದಕ್ಕೆ ಹೆಚ್ಚೆಂದರೆ 38 ಇವಿ ಅಂದಿರಿ. ಅಯಾನ್ ಎಲೆಕ್ಟ್ರಾನ್‌ಗಿಂತ ಎಪ್ಪತ್ತು ಸಾವಿರ ಪಟ್ಟು ಭಾರ, ಅದಕ್ಕೆ ಬಡಿದು ಚೆದುರಿದರೆ ಶಕ್ತಿ ಇದ್ದಷ್ಟೇ ಇರಬೇಕು ಅಲ್ವಾ? 38 ಇವಿ 100 ಆದದ್ದು ಹೇಗೆ? ಡಿಕ್ಕಿಯಲ್ಲಿ ಲಾಭ ಮಾಡಿದ ಹಾಗಾಯಿತು.

ಉಡುಪಿ_ಕಡೆಯವ

ಒಳ್ಳೇ ಪ್ರಶ್ನೆ, ನಾನೂ ಇಲ್ಲೇ ಒಂದು ವಾರ ಎಡವಿದ್ದೆ. ಡಿಕ್ಕಿ ಶಕ್ತಿ ಕೊಡುವುದಿಲ್ಲ. ದಿಕ್ಕು ಮಾತ್ರ ತಿರುಗಿಸುತ್ತದೆ. ಲಾಭ ಬರುವುದು ಆಮೇಲೆ ಕ್ಷೇತ್ರದಿಂದ.

ಯೋಚನೆ ಮಾಡಿ. ಎಲೆಕ್ಟ್ರಾನ್ ಬಂದು ಬಡಿಯುವ ಹೊತ್ತಿಗೆ ಕ್ಷೇತ್ರ ಮತ್ತೆ ದಿಕ್ಕು ಬದಲಿಸುವ ಹಂತದಲ್ಲಿರುತ್ತದೆ. ಎಲೆಕ್ಟ್ರಾನ್ ಅಯಾನನ್ನು ತಪ್ಪಿಸಿಕೊಂಡು ಸೀದಾ ಹೋದರೆ ಕ್ಷೇತ್ರ ಎದುರಿನಿಂದ ಬ್ರೇಕ್ ಹಾಕುತ್ತದೆ, ಇದ್ದ ಶಕ್ತಿ ಹೆಚ್ಚಿನದು ಹೋಯಿತು. ಅದೇ ಅಯಾನ್‌ಗೆ ಬಡಿದು ಹಿಂದಕ್ಕೆ ತಿರುಗಿದರೆ? ಬ್ರೇಕ್ ಆಗಬೇಕಿದ್ದ ಎಳೆತವೇ ಈಗ ಬೆನ್ನಿಗೆ ಸಿಕ್ಕಿದ ಹಾಗೆ.

ಅಂಕೆಯಲ್ಲಿ ಹೇಳುತ್ತೇನೆ, ಸೂತ್ರ ಅಲ್ಲ. ಕ್ಷೇತ್ರ ಕೊಡಬಹುದಾದ ಓಲಾಟದ ಗರಿಷ್ಠ ವೇಗವನ್ನು 1 ಅನ್ನಿ. ಆ ವೇಗಕ್ಕೆ ಶಕ್ತಿ 2 ಯುಪಿ. ಡಿಕ್ಕಿಯೇ ಆಗದೆ ಸೀದಾ ಹೋದ ಎಲೆಕ್ಟ್ರಾನ್‌ಗೆ ಸಿಗುವ ಮಿತಿ ಇದೇ, ನಿಮ್ಮಲ್ಲಿ 24 ಇವಿ. ವಾಪಸ್ ಬಂದು ಬಡಿಯುವಾಗ ವೇಗ ಸುಮಾರು 1.25, ಅದರ ವರ್ಗಕ್ಕೆ 2 ಗುಣಿಸಿದರೆ ಅದೇ 3.17 ಹತ್ತಿರ ಬರುತ್ತದೆ. ಹಿಂದಕ್ಕೆ ತಿರುಗಿದ ಮೇಲೆ ಕ್ಷೇತ್ರ ಇನ್ನೊಂದು 1 ಸೇರಿಸುತ್ತದೆ. ಒಟ್ಟು 2.25. ವರ್ಗ 5, ಅದಕ್ಕೆ 2 ಗುಣಿಸಿ, 10 ಯುಪಿ. ನಿಮ್ಮ ಲೇಸರ್‌ಗೆ 120 ಇವಿ. ಸ್ಪೆಕ್ಟ್ರಮ್ (ಯಾವ ಶಕ್ತಿಗೆ ಎಷ್ಟು ಎಲೆಕ್ಟ್ರಾನ್ ಅನ್ನುವ ಗ್ರಾಫ್) ತೆಗೆದು ನೋಡಿ, 2 ಯುಪಿವರೆಗೆ ಸರಸರ ಇಳಿದು, ಆಮೇಲೆ ಚಪ್ಪಟೆ ಬಯಲು, 10 ಯುಪಿ ಹತ್ತಿರ ದಬಕ್ಕನೆ ಕೆಳಗೆ. ಪೂರ್ತಿ ಹಿಂದಕ್ಕೆ ತಿರುಗುವವು ತೀರಾ ಕಡಿಮೆ, ಅದಕ್ಕೇ ಆ ಬಯಲು ಅಷ್ಟು ಕೆಳಗಿರುವುದು. ಲಾಗ್ ಸ್ಕೇಲ್ ಹಾಕದಿದ್ದರೆ ಕಾಣುವುದೇ ಇಲ್ಲ.

ಉತ್ತರ 3: ಸ್ಕೇಲ್_ಪೆನ್ಸಿಲ್

ಒಂದು ತಕರಾರು. ಎಲ್ಲರೂ ಟನೆಲಿಂಗ್, ನ್ಯೂಟನ್ ಅಂತ ಫೋಟಾನನ್ನು ಮೂಲೆಗೆ ತಳ್ಳಿಬಿಟ್ಟಿರಿ. 1979ರಲ್ಲಿ ಪಿಯರ್ ಅಗೋಸ್ತಿನಿ ಮತ್ತು ಸಂಗಡಿಗರು ಕ್ಸೆನಾನ್‌ನಲ್ಲಿ ನೋಡಿದ್ದು ಏನು? ಬೇಕಾದ್ದಕ್ಕಿಂತ ಜಾಸ್ತಿ ಫೋಟಾನ್ ನುಂಗಿದ ಎಲೆಕ್ಟ್ರಾನ್‌ಗಳು. ಅಂತಹ ಸ್ಪೆಕ್ಟ್ರಮ್‌ನಲ್ಲಿ ಪೀಕ್‌ಗಳು ಬಾಚಣಿಗೆಯ ಹಲ್ಲಿನಂತೆ ನಿಂತಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಫೋಟಾನ್ ಶಕ್ತಿಯಷ್ಟು ಅಂತರ. ಮಡಕೆಯಿಂದ ಜಿನುಗುವ ನೀರಿಗೆ ಬಾಚಣಿಗೆ ಹಲ್ಲು ಎಲ್ಲಿಂದ ಬಂತು?

ಕತ್ತಲಕೋಣೆ

ಸ್ಕೇಲ್ ಸಾರ್, ಅದು ಎರಡೂ ಕಥೆಯಲ್ಲಿ ಬರುತ್ತದೆ. ಜಿನುಗುವುದು ಒಂದೇ ಸಲ ಅಲ್ಲವಲ್ಲ. ಪ್ರತಿ ಆವರ್ತದಲ್ಲೂ ಅದೇ ಹಂತದಲ್ಲಿ ಒಂದೊಂದು ಅಲೆ ಹೊರಡುತ್ತದೆ. ಸಮಾನ ಅಂತರದಲ್ಲಿ ಹೊರಟ ಅಲೆಗಳು ಒಂದರ ಮೇಲೊಂದು ಬಿದ್ದಾಗ ಕೆಲವು ಶಕ್ತಿಗಳಲ್ಲಿ ಕೂಡುತ್ತವೆ, ಕೆಲವುದರಲ್ಲಿ ಕಳೆಯುತ್ತವೆ. ಕಾಲದ ಅಂತರ ಒಂದು ಆವರ್ತವಾದರೆ ಶಕ್ತಿಯ ಅಂತರ ಒಂದು ಫೋಟಾನ್. ಗ್ರೇಟಿಂಗ್ (ಸಮ ಅಂತರದ ಗೀರುಗಳಿಂದ ಬೆಳಕು ಬಿಡಿಸುವ ಪಟ್ಟಿ) ಪಾಠವೇ, ಗೀರುಗಳು ಜಾಗದಲ್ಲಿ ಇರುವ ಬದಲು ಕಾಲದಲ್ಲಿ ಇವೆ ಅಷ್ಟೇ. ಪಲ್ಸ್ ಒಂದೇ ಆವರ್ತದಷ್ಟು ಚಿಕ್ಕದಾದರೆ ಹಲ್ಲೂ ಅಳಿಸಿಹೋಗುತ್ತವೆ.

ಸ್ಕೇಲ್_ಪೆನ್ಸಿಲ್

ಸರಿ, ಒಪ್ಪಿದೆ. ಆದರೆ ಫೋಟಾನ್ ಕಥೆಯಲ್ಲಿ ಒಂದು ವಿಷಯ ನಿಮ್ಮ ಕಥೆಗಿಂತ ಚೆನ್ನಾಗಿ ಕಾಣುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಸರ್ಕ್ಯುಲರ್ ಬೆಳಕಿನಲ್ಲಿ ಪ್ರತಿ ಫೋಟಾನೂ ಒಂದು ಘಟಕ ಸುತ್ತುಬಲ ಹೊತ್ತು ತರುತ್ತದೆ, ಅದೇ ಆಂಗ್ಯುಲರ್ ಮೊಮೆಂಟಮ್. 21 ಫೋಟಾನ್ ನುಂಗಿದರೆ 21 ಘಟಕ. ಉಗುಳಬೇಕಾದ್ದು ಒಂದೇ ಫೋಟಾನ್, ಅದು ಹೊರಲು ಆಗುವುದು ಒಂದೇ ಘಟಕ. ಉಳಿದ 20 ಎಲ್ಲಿ ಇಡುವುದು? ಅದಕ್ಕೇ ಹಾರ್ಮೋನಿಕ್ ಬರುವುದಿಲ್ಲ. ದಾರಿ ಗೀರು ಯಾವುದೂ ಬೇಡ.

ಉತ್ತರ 4: ರಾತ್ರಿಪಾಳಿ

ಪ್ರಯೋಗ ಮಾಡುವವಳ ಕಡೆಯಿಂದ ಎರಡು ಮಾತು, ಥಿಯರಿಯವರು ಬೇಜಾರು ಮಾಡಿಕೊಳ್ಳಬೇಡಿ.

ಹುಡುಗಾ, "ಪವರ್ ಮುಟ್ಟೇ ಇಲ್ಲ" ಅಂದೆಯಲ್ಲ, ಅದು ಅರ್ಧ ಮಾತ್ರ ಸರಿ. ಪವರ್ ಅಷ್ಟೇ ಇಟ್ಟು ಲೀನಿಯರ್‌ನಿಂದ ಸರ್ಕ್ಯುಲರ್‌ಗೆ ಹೋದರೆ ಕ್ಷೇತ್ರದ ಶಿಖರ 1.41 ಪಟ್ಟು ತಗ್ಗುತ್ತದೆ. ಟನೆಲಿಂಗ್ ಕ್ಷೇತ್ರದ ಮೇಲೆ ಎಷ್ಟು ನಂಬಿಕೊಂಡಿದೆ ಅಂದರೆ ಇಷ್ಟು ತಗ್ಗಿದರೆ ಎಲೆಕ್ಟ್ರಾನ್ ಸಂಖ್ಯೆಯೇ ಗಣನೀಯವಾಗಿ ಬೀಳುತ್ತದೆ. ಒಟ್ಟು ಎಣಿಕೆ ಕಡಿಮೆ ಆದದ್ದನ್ನೂ ರೀಸ್ಕ್ಯಾಟರಿಂಗ್ ತಲೆಗೆ ಕಟ್ಟಬೇಡ. ಹೋಲಿಸುವಾಗ ಯಾವುದನ್ನು ಸಮ ಇಟ್ಟಿದ್ದೀಯ ಅಂತ ಲಾಗ್‌ಬುಕ್‌ನಲ್ಲಿ ಬರೆ.

ಎರಡನೆಯದು ನನ್ನ ಸ್ವಂತ ಗೋಳು. ಪಿಎಚ್‌ಡಿ ಮಾಡುವಾಗ ಬಳೆ ಚಿತ್ರ ತೆಗೆದೆ, ಎರಡು ಎದುರುಬದುರು ಕಡೆ ದಪ್ಪ, ಉಳಿದ ಕಡೆ ತೆಳ್ಳಗೆ. ಹೊಸ ಭೌತಶಾಸ್ತ್ರ ಸಿಕ್ಕಿತು ಅಂತ ಎರಡು ವಾರ ಕುಣಿದಾಡಿದೆ, ಗೈಡ್‌ಗೆ ಹೇಳಲು ಸ್ಲೈಡ್ ಬೇರೆ ಮಾಡಿದ್ದೆ. ಆಮೇಲೆ ನೋಡಿದರೆ ಕ್ವಾರ್ಟರ್ ವೇವ್ ಪ್ಲೇಟ್ ಆದ ಮೇಲೆ ಎರಡು ಕನ್ನಡಿ ಇದ್ದವು. ಓರೆಯಾಗಿ ಬಿದ್ದ ಬೆಳಕಿನ ಎರಡು ಪೋಲರೈಸೇಶನ್‌ಗೆ ಕನ್ನಡಿ ಬೇರೆಬೇರೆ ಫೇಸ್ ಕೊಡುತ್ತದೆ, ನನ್ನ ವೃತ್ತ ಗ್ಯಾಸ್ ಹತ್ತಿರ ಬರುವಷ್ಟರಲ್ಲಿ ಮೊಟ್ಟೆ ಆಗಿತ್ತು. ಕ್ಷೇತ್ರ ಮೊಟ್ಟೆಯ ಉದ್ದ ದಿಕ್ಕಿನಲ್ಲಿ ಜೋರು, ಅಲ್ಲೇ ಜಾಸ್ತಿ ಎಲೆಕ್ಟ್ರಾನ್ ಹೊರಡುತ್ತವೆ, ಆದರೆ ಹೊರಟ ದಿಕ್ಕಿಗೆ 90 ಡಿಗ್ರಿ ಪಕ್ಕಕ್ಕೆ ಹೋಗಿ ಬೀಳುತ್ತವೆ. ದಪ್ಪ ಕಂಡದ್ದು ಅದೇ. ಪ್ಲೇಟನ್ನು ಕೊನೇ ಕನ್ನಡಿ ಆದ ಮೇಲೆ ಇಡಬೇಕು. ಅಷ್ಟೇ ವಿಷಯ.

ಈ ಪಕ್ಕಕ್ಕೆ ಬೀಳುವುದನ್ನೇ ಗಡಿಯಾರ ಮಾಡಿಕೊಂಡವರಿದ್ದಾರೆ, 2008ರಲ್ಲಿ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಉರ್ಸುಲಾ ಕೆಲ್ಲರ್ ಗುಂಪು. ಬೇಕೆಂದೇ ಸ್ವಲ್ಪ ಮೊಟ್ಟೆ ಆಕಾರ ಇಟ್ಟು, ದಪ್ಪ ಭಾಗ 90 ಡಿಗ್ರಿಗಿಂತ ಎಷ್ಟು ಜರುಗಿದೆ ಅಂತ ಅಳೆಯುವುದು. ಕ್ಷೇತ್ರ 2.67 ಫೆಮ್ಟೊಸೆಕೆಂಡಿಗೆ 360 ಡಿಗ್ರಿ ಸುತ್ತುತ್ತದೆ, ಅಂದರೆ ಒಂದು ಡಿಗ್ರಿಗೆ ಸುಮಾರು 7.4 ಆಟೋಸೆಕೆಂಡ್ (ಫೆಮ್ಟೊಸೆಕೆಂಡಿನ ಸಾವಿರದಲ್ಲೊಂದು ಭಾಗವೇ ಆಟೋಸೆಕೆಂಡ್). ಗೋಡೆಯೊಳಗೆ ಎಲೆಕ್ಟ್ರಾನ್ ಸಮಯ ಕಳೆಯುತ್ತದಾ ಅನ್ನುವ ಜಗಳ ಇದರಿಂದ ಜೋರಾಯಿತು. ಜರುಗುವುದಕ್ಕೆ ಅಯಾನ್‌ನ ಹಿಂದೆಳೆತವೂ ಕಾರಣ ಆದ್ದರಿಂದ ಅದನ್ನು ಕಳೆದು ನೋಡಬೇಕು. ಲೆಕ್ಕ ಪಕ್ಕಾ ಇರುವುದು ಹೈಡ್ರೋಜನ್‌ಗೆ ಮಾತ್ರ. 2019ರಲ್ಲಿ ಆಸ್ಟ್ರೇಲಿಯಾದಲ್ಲಿ ಪರಮಾಣು ಹೈಡ್ರೋಜನ್ ಮೇಲೆ ಮಾಡಿದಾಗ ಸಮಯ ಏನಾದರೂ ಇದ್ದರೆ 1.8 ಆಟೋಸೆಕೆಂಡ್ ಒಳಗೇ ಅಂತ ಬಂತು. ನನ್ನ ಪ್ರಕಾರ "ಸಮಯ" ಅಂದರೆ ಏನು ಅಂತ ಮೊದಲು ಒಪ್ಪಂದ ಮಾಡಿಕೊಳ್ಳದೆ ಜಗಳ ಆಡಿದ್ದೇ ಜಾಸ್ತಿ.

ಇನ್ನೊಂದು, ಉಡುಪಿಯವರೇ. "ಸರ್ಕ್ಯುಲರ್ ಅಂದಮೇಲೆ ವಾಪಸ್ ಬರುವುದೇ ಇಲ್ಲ" ಅನ್ನುವುದನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಮೆಗ್ನೀಸಿಯಂನಲ್ಲಿ ಸರ್ಕ್ಯುಲರ್ ಬೆಳಕಿಗೂ ಆ ಮೊಣಕಾಲು ಕಂಡಿದೆ. ಇನ್ನು ಎರಡು ಬಣ್ಣ ಸೇರಿಸಿದರೆ ಆಟವೇ ಬೇರೆ. 800 ಒಂದು ಕಡೆ ಸುತ್ತಲಿ, 400 ಎದುರು ಕಡೆ ಸುತ್ತಲಿ. ಎರಡೂ ಸರ್ಕ್ಯುಲರ್ರೇ. ಸೇರಿದಾಗ ಕ್ಷೇತ್ರದ ತುದಿ ಬಿಲ್ವಪತ್ರೆ ಬಿಡಿಸುತ್ತದೆ, ಮೂರು ದಳ. ಎಲೆಕ್ಟ್ರಾನ್ ಒಂದೊಂದು ದಳಕ್ಕೆ ಒಮ್ಮೆ ಸೀದಾ ಅಯಾನ್‌ಗೆ ವಾಪಸ್. ಹಾರ್ಮೋನಿಕ್ಸ್ ಬರುತ್ತವೆ, ಅವೂ ಸರ್ಕ್ಯುಲರ್ ಆಗಿಯೇ ಬರುತ್ತವೆ, ಮೂರನೆಯದು, ಆರನೆಯದು, ಒಂಬತ್ತನೆಯದು ಮಾತ್ರ ಗೈರುಹಾಜರು. ಸ್ಕೇಲ್ ಸಾರ್ ಅವರ ಸುತ್ತುಬಲದ ಲೆಕ್ಕ ಹಾಕಿ ನೋಡಿ, ಯಾಕೆ ಅಂತ ತಾನೇ ಬರುತ್ತದೆ.

ಸ್ಕೇಲ್_ಪೆನ್ಸಿಲ್

ಹಾಕಿದೆ. ಬಂತು. ಊಟ ತಣ್ಣಗಾಯಿತು.

ಆರ್ಗಾನ್_ಹುಡುಗ

ಎಲ್ಲರಿಗೂ ದೊಡ್ಡ ನಮಸ್ಕಾರ. ರಾತ್ರಿಪಾಳಿ ಅಕ್ಕ, ನಿಮ್ಮ ಉತ್ತರ ಓದಿ ನಿನ್ನೆಯ ಡೇಟಾ ಮತ್ತೆ ತೆಗೆದೆ. ನಮ್ಮ ಕೋಡುಬಳೆಯೂ ಎರಡು ಕಡೆ ದಪ್ಪ ಇದೆ, ನಾನು ಗಮನಿಸಿಯೇ ಇರಲಿಲ್ಲ. ಟೇಬಲ್ ಹತ್ತಿರ ಹೋಗಿ ಎಣಿಸಿದೆ. ಪ್ಲೇಟ್ ಆದ ಮೇಲೆ ಮೂರು ಕನ್ನಡಿ. ಸೀನಿಯರ್ ಇನ್ನೂ ಟೀ ಮುಗಿಸಿ ಬಂದಿಲ್ಲ, ಹೇಗೆ ಹೇಳುವುದು ಅಂತ ಯೋಚನೆ ಮಾಡುತ್ತಿದ್ದೇನೆ.